ಗಂಗೆ ಬೀಳುವುದನ್ನು ಕಲಿತದ್ದು

ಆ ವರ್ಷ ಸುಗ್ಗಿ ಕಾಲದಲ್ಲಿ ತಿಪ್ಪೇರುದ್ರಪ್ಪನವರ ನಾಟಕ ಕಂಪನಿ ದಾವಣಗೆರೆಯಲ್ಲಿ ತಗಡಿನ ಥೇಟರು ಕಟ್ಟಿಕೊಂಡು ಕೂತಿತ್ತು. ಮಿಲ್ಲಿನ ಪಾಳಿ ಮುಗಿಸಿ ಬರುವವರು, ಹತ್ತಿ ಅಂಗಡಿಯವರು, ಮಾಯಕೊಂಡದ ಕಡೆಯಿಂದ ಗಾಡಿ ಕಟ್ಟಿಕೊಂಡು ಬರುವ ರೈತರು, ಎಲ್ಲರೂ ಒಬ್ಬರನ್ನೊಬ್ಬರು ಕೇಳುತ್ತಿದ್ದ ಮಾತು ಒಂದೇ: "ಗಂಗಿ ಇಳಿಯೋದು ನೋಡಿದ್ರಾ?"

ಆ ಗಂಗೆಯೇ ಜೈನಾಬಿ. ರಂಗದ ಒಂದು ಬದಿಗೆ ಭಗೀರಥ ಕಣ್ಣು ಮುಚ್ಚಿ, ಇನ್ನೊಂದು ಬದಿಗೆ ಶಿವ ಜಡೆ ಬಿಚ್ಚಿ ನಿಂತಿರುತ್ತಿದ್ದರು. ಎರಡೂ ಬದಿಯಿಂದ ಲೋಬಾನದ ಹೊಗೆ ಬಿಡುತ್ತಿದ್ದರು. ಹೊಗೆ ಮೊಣಕಾಲ ಮಟ್ಟಕ್ಕೆ ಬಂದು ನಿಂತಾಗ ಬಿಳಿ ಸೀರೆಯ ಜೈನಾಬಿ ಎಡಮೂಲೆಯಿಂದ ತೇಲಿ ಬರುತ್ತಿದ್ದಳು. ಹೆಜ್ಜೆ ಎತ್ತಿದ್ದು ಕಾಣದು, ಇಟ್ಟದ್ದು ಕಾಣದು. ಭಗೀರಥನನ್ನು ಒಂದು ಸುತ್ತು, ಶಿವನನ್ನು ಒಂದು ಸುತ್ತು ಬಳಸಿ, ನಡುವೆ ನಿಂತಲ್ಲೇ ಬುಗುರಿಯ ಹಾಗೆ ತಿರುಗಿ, ಮತ್ತೆ ಹೊಗೆಯೊಳಗೆ ಕರಗಿಬಿಡುತ್ತಿದ್ದಳು. ಸೀರೆಯ ನೆರಿಗೆಯೊಳಗೆ ಗಾಲಿ ಬೂಟು ಇದೆಯೆಂದು ಮುಂದಿನ ಸಾಲಿನವರಿಗೂ ತಿಳಿಯುತ್ತಿರಲಿಲ್ಲ. ಹಲಗೆಯ ಮೇಲೆ ಗಾಲಿ ಉರುಳುವ ಗುಡುಗುಡು ಸದ್ದನ್ನು ಜನ ಹೊಳೆಯ ಸದ್ದೆಂದೇ ನಂಬಿದ್ದರು.

ಆ ಬೂಟು ಅವಳ ಕಾಲಿಗೆ ಬಂದದ್ದು ಎಂಟನೆಯ ವರ್ಷದಲ್ಲಿ, ಸರ್ಕಸ್ಸಿನ ಡೇರೆಯಲ್ಲಿ. ಅಪ್ಪ ನಬೀ ಸಾಬ್ ಅಲ್ಲಿ ಬ್ಯಾಂಡು ಬಾರಿಸುತ್ತಿದ್ದ. ಅಪ್ಪ ತೀರಿಕೊಂಡ, ಸರ್ಕಸ್ಸೂ ಮುಚ್ಚಿತು, ಕಾಲು ಬೆಳೆದಂತೆ ಬೂಟಿನ ಚರ್ಮ ಮೂರು ಸಲ ಬದಲಾಯಿತು. ಗಾಲಿಗಳು ಮಾತ್ರ ಅವೇ. ನೆಲದ ಮೇಲೆ ನಡೆಯುವಾಗ ಜೈನಾಬಿಗೆ ತನ್ನ ಮೈ ತನಗೇ ಭಾರ. ಗಾಲಿಯ ಮೇಲೆ ನಿಂತ ಕ್ಷಣ ಆ ಭಾರ ಯಾರೋ ಇಳಿಸಿಕೊಂಡು ಹೋದಂತೆ. ಕನಸಿನಲ್ಲಿ ಹಾರುತ್ತೇವಲ್ಲ, ಹಾಗೆ. ಅವಳಿಗೆ ಆ ಕನಸಿಗೆ ಕಣ್ಣು ಮುಚ್ಚಬೇಕಿರಲಿಲ್ಲ.

ಸಂಕ್ರಾಂತಿ ಕಳೆದ ಮೊದಲ ಶನಿವಾರ ಥೇಟರು ತುಂಬಿ ಹೊರಗೂ ಜನ ನಿಂತಿದ್ದರು. ಗಂಗೆ ಹೊಗೆಯಿಂದ ಹೊರಬಂದಳು. ಶಿವನನ್ನು ಬಳಸಿ ತಿರುಗುವಾಗ ಮುಂದಿನ ಸಾಲಿನಿಂದ ಯಾರೋ ಒಂದು ಹಿಡಿ ಮಂಡಕ್ಕಿ, ಉತ್ತತ್ತಿ ತೂರಿದರು. ಈ ಕಡೆಯ ಜನ ದೇವರು ಎದುರಿಗೆ ಬಂದಾಗ ಮಾಡುವುದೇ ಅದು. ಮಂಡಕ್ಕಿ ಗಾಲಿಗೆ ಸಿಕ್ಕಿ ಹಿಟ್ಟಾಯಿತು. ಉತ್ತತ್ತಿ ಒಣಗಿದ ಖರ್ಜೂರ, ಕಲ್ಲಿನಂಥದ್ದು, ಹಿಟ್ಟಾಗಲಿಲ್ಲ. ಎಡಗಾಲಿನ ಮುಂದಿನ ಗಾಲಿ ಅದರ ಮೇಲೆ ಹತ್ತಿ ನಿಂತಿತು, ಜೈನಾಬಿಯ ಮೈ ನಿಲ್ಲಲಿಲ್ಲ. ನೆಲ ಎದ್ದು ಬಂತು. ಅವಳು ಬಲಗೈ ಚಾಚಿ ಅಂಗೈ ಊರಿದಳು. ಒಣಗಿದ ಜೋಳದ ದಂಟು ಮುರಿದಂಥ ಸದ್ದು ಅವಳಿಗೊಬ್ಬಳಿಗೇ ಕೇಳಿಸಿತು. ಎಡಗಾಲ ಹರಡೂ, ಪಾದದ ಮೇಲಿನ ಕೀಲು, ಹೊರಳಿತ್ತು.

ಪರದೆ ಬಿತ್ತು. ಪರದೆಯ ಆಚೆ ಜನ ಕೈ ಮುಗಿದು ಎದ್ದು ನಿಂತಿದ್ದರು. ಗಂಗೆ ಭೂಮಿಗೆ ಬಿದ್ದದ್ದು ಹೀಗೇ ಇರಬೇಕು ಎಂದುಕೊಂಡಿದ್ದರು.

ಮರುದಿನ ಬೆಳಿಗ್ಗೆ ಮಣಿಕಟ್ಟು ಕುಂಬಳಕಾಯಿಯಂತೆ ಊದಿತ್ತು. ತಿಪ್ಪೇರುದ್ರಪ್ಪನವರು ಬಾಗಿಲಲ್ಲಿ ನಿಂತು ಹೆಗಲ ಮೇಲಿನ ಟವಲು ತೆಗೆದು ಹಾಕಿ, ತೆಗೆದು ಹಾಕಿ, ಕೊನೆಗೆ ಹೇಳಿಯೇಬಿಟ್ಟರು.

"ನೋಡು ಜೈನಾಬಿ. ಯುಗಾದಿ ಮುಗಿದ ಕೂಡ್ಲೆ ಕಂಪನಿ ರಾಣೇಬೆನ್ನೂರಿಗೆ ಹೊರಡ್ತೈತೆ. ಅಷ್ಟರಾಗ ಗಾಲಿ ಮ್ಯಾಲೆ ನಿಂತ್ರೆ ನೀನೇ ಗಂಗಿ. ಇಲ್ಲಂದ್ರೆ ಆ ಸೀನು ಕಿತ್ತು ಹಾಕ್ತೀನಿ. ಗಂಗಿ ನಡಕೊಂಡು ಬಂದ್ರೆ ಜನ ಎದ್ದು ಹೋಗ್ತಾರೆ. ನಿನ್ನನ್ನೇನು ಕೈ ಬಿಡಲ್ಲ. ಸಖಿ ಪಾತ್ರ ಐತಲ್ಲ, ಚಾಮರ ಬೀಸೋದು."

ಚಾಮರ ಬೀಸುವುದಕ್ಕೂ ಬಲಗೈ ಬೇಕು ಎಂದುಕೊಂಡಳು ಜೈನಾಬಿ. ಅವಳ ಕಣ್ಣು ಗೂಟಕ್ಕೆ ನೇತುಹಾಕಿದ ಬೂಟಿನ ಮೇಲಿತ್ತು.

ಅಷ್ಟು ಹೊತ್ತಿಗೆ ಮಾಲೀಕರನ್ನು ಪಕ್ಕಕ್ಕೆ ಸರಿಸಿಕೊಂಡು ಒಬ್ಬ ಹೆಂಗಸು ಒಳಗೆ ಬಂದಳು. ನಲವತ್ತರ ಮೇಲಿನ ವಯಸ್ಸು, ತಲೆಗೂದಲ ತುಂಬ ಹತ್ತಿಯ ಎಳೆ. ಹೆಸರು ಹೊನ್ನಕ್ಕ, ಮಿಲ್ಲಿನಲ್ಲಿ ನೂಲು ಸುತ್ತುವ ಕೆಲಸ.

"ನಮ್ಮಣ್ಣ ಉಚ್ಚೆಂಗಪ್ಪ ಹರಿಹರದಾಗ ಎಲುಬು ಕಟ್ತಾನ್ರಿ. ಪೈಲ್ವಾನ, ಗರಡಿ ವಸ್ತಾದಿ. ಅವನ ಕೈ ಬಿದ್ದ ಮ್ಯಾಲೆ ಸೊಟ್ಟ ಕೂಡಿದ ಎಲುಬು ಇಲ್ಲ. ಹತ್ತು ಗಂಟೆ ರೈಲಿಗೆ ಈಕೀನ ಕರಕೊಂಡು ಹೊಂಟೀನಿ."

"ನೀನ್ಯಾರಮ್ಮ?" ಎಂದರು ತಿಪ್ಪೇರುದ್ರಪ್ಪನವರು.

"ನಾಟಕ ನೋಡಾಕ ಬಂದಾಕಿ," ಎಂದಳು ಹೊನ್ನಕ್ಕ. ಗೂಟದ ಮೇಲಿದ್ದ ಬೂಟನ್ನೂ ಚೀಲಕ್ಕೆ ಹಾಕಿಕೊಂಡಳು.

ರೈಲಿನಲ್ಲಿ ಜೈನಾಬಿಗೆ ಜ್ವರ ಏರಿತು. ಕಿಟಕಿಯಾಚೆ ಜೋಳದ ಹೊಲಗಳು ಹಿಂದಕ್ಕೆ ತೇಲಿ ಹೋಗುತ್ತಿದ್ದವು. ಕೆಳಗೆ ಗಾಲಿಗಳು ಉರುಳುತ್ತಿದ್ದವು, ಗುಡುಗುಡು, ಗುಡುಗುಡು. ಅವಳಿಗೆ ಇಡೀ ರೈಲೇ ತನ್ನ ಕಾಲಿಗೆ ಕಟ್ಟಿದ ಬೂಟಿನಂತೆ ಕಂಡಿತು. ಎದುರಿನ ಸೀಟಿನ ಮುದುಕನೂ ಅವನ ಕುರಿಮರಿಯೂ ಲೋಬಾನದ ಹೊಗೆಯಲ್ಲಿ ಮೊಣಕಾಲವರೆಗೆ ಮುಳುಗಿದ್ದರು. ಬೀಳಬ್ಯಾಡ್ರಿ, ಎಂದು ಅವಳು ಹೇಳಿದಳೋ, ಹೇಳಿದೆನೆಂದುಕೊಂಡಳೋ. ಹೊನ್ನಕ್ಕನ ಸೆರಗು ಹಣೆಯ ಮೇಲೆ ತಣ್ಣಗೆ ಬಿತ್ತು.

ಉಚ್ಚೆಂಗಪ್ಪ ಅರವತ್ತೈದರ ಆಳು. ಕಿವಿ ಎರಡೂ ಗರಡಿಯ ಕೆಮ್ಮಣ್ಣಿನ ಮಟ್ಟಿಯಲ್ಲಿ ಉಜ್ಜಿ ಉಜ್ಜಿ ಗಂಟುಕಟ್ಟಿದ್ದವು. ಜೈನಾಬಿಯ ಕೈಯನ್ನು ಹಕ್ಕಿಮರಿ ಹಿಡಿದಂತೆ ಹಿಡಿದು, ಕಣ್ಣು ಮುಚ್ಚಿ, ಬೆರಳಲ್ಲಿ ಓದಿದ.

"ಚರ್ಮ ಹರಿದು ಎಲುಬು ಹೊರಗ ಬಂದಿದ್ರೆ ನಾನು ಮುಟ್ಟತಿರಲಿಲ್ಲ, ದೊಡ್ಡಾಸ್ಪತ್ರಿಗೆ ಕಳಿಸ್ತಿದ್ದೆ. ಇದು ಒಳಗೇ ಮುರದೈತೆ. ನಿನ್ನ ಹೆಸರೇನವ್ವ?"

"ಜೈನಾಬಿ."

"ನನಗೆ ಕುಸ್ತಿ ಕಲಿಸಿದ ವಸ್ತಾದರು ಹಯಾತ್ ಸಾಬರು. ಅವರು ಒಂದು ಮಾತು ಹೇಳ್ತಿದ್ರು..."

ಆ ಮಾತು ಏನೆಂದು ಕೇಳುವಷ್ಟರಲ್ಲಿ ಎಳೆದುಬಿಟ್ಟಿದ್ದ. ಜೈನಾಬಿ ಕೂಗಿದ ಕೂಗಿಗೆ ಹಿತ್ತಲಿನ ಕೋಳಿಗಳು ಗೋಡೆ ಹಾರಿದವು.

"ಏನ್ ಹೇಳ್ತಿದ್ರು?" ಎಂದಳು ಅವಳು, ಅಳುತ್ತಲೇ.

"ಏನೂ ಇಲ್ಲ. ಎಳೆಯೋ ಮುಂದ ಏನರ ಮಾತಾಡು ಅಂತಿದ್ರು."

ಉಚ್ಚೆಂಗಪ್ಪನ ಹೆಂಡತಿ ಉಡಚಮ್ಮ ಉದ್ದಿನ ಹಿಟ್ಟಿಗೆ ಮೊಟ್ಟೆಯ ಬಿಳಿ ಕಲಸಿ ತಂದಳು. ಬಟ್ಟೆಯ ಪಟ್ಟಿಗೆ ಅದನ್ನು ಮೆತ್ತಿ, ನಾಲ್ಕು ಬಿದಿರು ದಬ್ಬೆ ಇಟ್ಟು ಕಟ್ಟಿದರು. ಕಟ್ಟಿದ ಮೇಲೆ ಉಚ್ಚೆಂಗಪ್ಪ ಒಂದೊಂದೇ ಉಗುರು ಒತ್ತಿ ಬಿಟ್ಟು ನೋಡಿದ. ಬಿಳುಪಾದ ಉಗುರು ಮತ್ತೆ ಕೆಂಪಾಗುತ್ತದೆಯೇ ಎಂದು. "ಬೆರಳು ತಣ್ಣಗಾದ್ರೆ, ಜುಮುಜುಮು ಅಂದ್ರೆ, ಎಷ್ಟೊತ್ತಿದ್ರೂ ಕರಿ. ಬಿಗಿ ಕಟ್ಟಿ ಕೈ ಕಳೆದೋರು ಭಾಳ ಮಂದಿ ಅದಾರೆ." ಹರಡಿಗೆ ಬೇರೆ ಪಟ್ಟಿ ಕಟ್ಟಿ, ಕಾಲನ್ನು ದಿಂಬಿನ ಮೇಲೆ ಎತ್ತರಕ್ಕೆ ಇಡಿಸಿದ.

ನಲವತ್ತು ದಿನ ಒಂದೇ ಉದ್ದನೆಯ ಮಧ್ಯಾಹ್ನದಂತೆ ಕಳೆದವು. ಮೊದಲ ವಾರ ಮಲಗಿದಲ್ಲೇ. ಮಾಡಿನ ಹಂಚಿನ ಸಂದಿಯಿಂದ ಬಿಸಿಲಿನ ಒಂದು ಬಿಲ್ಲೆ ಒಳಗೆ ಬಿದ್ದು, ಗೋಡೆಯಿಂದ ಇಳಿದು, ನೆಲದ ಮೇಲೆ ಸರಿದು, ಸಂಜೆಗೆ ಹೊಸ್ತಿಲು ದಾಟುತ್ತಿತ್ತು. ಹೆಜ್ಜೆಯಿಲ್ಲದ ಆ ನಡಿಗೆಯನ್ನು ಜೈನಾಬಿ ದಿನವೂ ನೋಡುತ್ತಿದ್ದಳು. ನಿದ್ದೆಗೂ ಎಚ್ಚರಕ್ಕೂ ನಡುವೆ ತುಂಗಭದ್ರೆ ಮನೆಯೊಳಗೆ ಬಂದು ಮಂಚದ ಕಾಲು ಮುಟ್ಟಿ ಹೋಗುತ್ತಿತ್ತು. ಕೆಲವು ಸಲ ಅವಳು ಹೊಳೆಯ ಮೇಲೆ ಗಾಲಿ ಬಿಟ್ಟಂತೆ. ನೀರು ಹಲಗೆಯಂತೆ ಗಟ್ಟಿಯಾಗಿ, ಕೆಳಗೆ ಮೀನುಗಳು ಅವಳ ಹಿಂದೆಯೇ ತಿರುಗುತ್ತಿದ್ದಂತೆ. ತಿರುವು ಬಂದ ಕೂಡಲೇ ನೀರು ಒಡೆಯುತ್ತಿತ್ತು. ಅವಳು ಕೈ ಚಾಚುತ್ತಿದ್ದಳು. ಎಚ್ಚರವಾದಾಗ ದಬ್ಬೆಯೊಳಗೆ ಮಣಿಕಟ್ಟು ನೋಯುತ್ತಿತ್ತು.

ಆಮೇಲೆ ಉಡಚಮ್ಮನ ಕೆಲಸ ಶುರುವಾಯಿತು. ಅವಳು ಉಗುರುಬೆಚ್ಚಗಿನ ನೀರಿನಲ್ಲಿ ಕಾಲಿಡಿಸಿ ಹರಡು ಆಡಿಸುತ್ತಿದ್ದಳು. ದಬ್ಬೆ ಬಿಚ್ಚಿದ ದಿನ ಬಲಗೈ ಯಾರದೋ ಕೈಯಂತೆ ತೆಳ್ಳಗೆ, ಬಿಳಿಚಿಕೊಂಡು ಹೊರಗೆ ಬಂತು. ಅದರ ಮುಂದೆ ಉಡಚಮ್ಮ ರೊಟ್ಟಿ ಹಿಟ್ಟಿನ ಮುದ್ದೆ ಇಟ್ಟಳು.

"ನಾದು."

"ಬರಲ್ಲವ್ವ."

"ಬರಲ್ಲ ಅಂದ್ರೆ ಇವತ್ತು ಎಲ್ರೂ ಉಪಾಸ. ನಮ್ಮ ಯಜಮಾನರು ಹಸಿವು ತಡ್ಕಣಲ್ಲ, ಆಮ್ಯಾಲೆ ನಿನ್ನೇ ತಿಂತಾರೆ ನೋಡು."

ಮೊದಲ ದಿನ ಹಿಟ್ಟಿನಲ್ಲಿ ನಾಲ್ಕು ಬೆರಳಿನ ಗುರುತು ಮೂಡಿತು, ಅಷ್ಟೇ. ಹತ್ತನೆಯ ದಿನ ರೊಟ್ಟಿ ಹೆಂಚಿನ ಮೇಲೆ ಉಬ್ಬಿತು.

ಹೊನ್ನಕ್ಕ ಪ್ರತಿ ಭಾನುವಾರ ಮೆಣಸಿನಕಾಯಿ ಬಜ್ಜಿಯ ಪೊಟ್ಟಣ ಹಿಡಿದು ರೈಲಿಗೆ ಬರುತ್ತಿದ್ದಳು. ಬರುವಾಗ ಮಿಲ್ಲಿನಲ್ಲಿ ಬಿಸಾಡಿದ ಹತ್ತಿ, ಹಳೇ ಸೀರೆಯ ತುಂಡು ತಂದು, ಕೌದಿ ಹೊಲಿಯುವ ಹಾಗೆ ಪದರು ಪದರು ಹಾಕಿ ಏನೋ ಹೊಲಿಯುತ್ತ ಕೂರುತ್ತಿದ್ದಳು. ಮಾತು ಕಡಿಮೆ. ಒಂದು ಭಾನುವಾರ ಸೂಜಿ ನಿಲ್ಲಿಸಿ ಹೇಳಿದಳು.

"ತಂಗಿ, ಒಂದು ಮಾತು ಹೇಳಬೇಕು. ಹೇಳಿದ ಮ್ಯಾಲೆ ನೀನು ನನ್ನ ಮಾರಿ ನೋಡದಿದ್ರೂ ಸರಿ."

"ಯಾಕಕ್ಕ, ಮೆಣಸಿನಕಾಯಿ ತರೋದು ಮರೆತ್ಯಾ?"

"ಆ ಉತ್ತತ್ತಿ ತೂರಿದಾಕಿ ನಾನೇ."

ಜೈನಾಬಿಯ ನಗು ಅರ್ಧಕ್ಕೇ ನಿಂತಿತು. ಹೊನ್ನಕ್ಕ ತಲೆ ಎತ್ತಲಿಲ್ಲ. "ನನಗೆ ನೀನು ಕಾಣಲೇ ಇಲ್ಲವ್ವ. ಗಂಗವ್ವನೇ ಕಂಡ್ಲು. ಬರಿಗೈಲಿ ದೇವರ ಮುಂದ ಕುಂದ್ರಬಾರದು ಅಂತ ಉಡಿಯಾಗ ಇದ್ದದ್ದು ತೂರಿಬಿಟ್ಟೆ. ನೀನು ಬಿದ್ದಾಗ ಗಂಗವ್ವ ಹೋಗಿ ಹುಡುಗಿ ಕಂಡಿ. ಅವತ್ತಿಂದ ನನಗೆ ಅನ್ನ ಸೇರ್ತಿಲ್ಲ."

ಜೈನಾಬಿ ಎದ್ದು ಹಿತ್ತಲಿಗೆ ಹೋದಳು. ಸಂಜೆ ರೈಲಿಗೆ ಹೊನ್ನಕ್ಕ ಹೊರಟಾಗಲೂ ಬರಲಿಲ್ಲ. ವಾರವೆಲ್ಲ ಸಿಟ್ಟು ಒಲೆಯ ಕೆಂಡದಂತೆ ಒಳಗೇ ಇತ್ತು. ಊದಿದರೆ ಉರಿಯುತ್ತಿತ್ತು, ಬಿಟ್ಟರೆ ಬೂದಿ ಮುಚ್ಚುತ್ತಿತ್ತು. ಮುಂದಿನ ಭಾನುವಾರ ಬಾಗಿಲಲ್ಲಿ ಹೊನ್ನಕ್ಕನ ನೆರಳು ಬಿದ್ದಾಗ ಜೈನಾಬಿಯೇ ಮಾತು ತೆಗೆದಳು.

"ಹದಿನಾಕು ವರ್ಷ ಗಾಲಿ ಮ್ಯಾಲೆ ಅದೀನಿ ಅಕ್ಕ. ಸರ್ಕಸ್ಸಿನಾಗ ಸೀಟಿ ಹೊಡೆದ್ರು, ಕೆಟ್ಟ ಮಾತಾಡಿದ್ರು. ದೇವರು ಅಂತ ಯಾರೂ ತಿಳಕೊಂಡಿರಲಿಲ್ಲ." ಹೊನ್ನಕ್ಕನ ಕೈಯ ಚೀಲ ಇಳಿಸಿಕೊಳ್ಳುತ್ತ ಹೇಳಿದಳು, "ಹೂವಾದ್ರೂ ತೂರಬಾರದಿತ್ತಾ?"

"ಹೂವಿಗೆ ಜಾರ್ತಿದ್ಯಲ್ಲೇ," ಎಂದಳು ಹೊನ್ನಕ್ಕ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕದ್ದು ಒಳಗಿದ್ದ ಉಡಚಮ್ಮ.

ಆ ದಿನವೇ ಬೂಟನ್ನು ಚೀಲದಿಂದ ತೆಗೆದದ್ದು. ಅಂಗಳದ ಕಲ್ಲುಚಪ್ಪಡಿಯ ಮೇಲೆ ಜೈನಾಬಿ ಕಂಬ ಹಿಡಿದು ಎದ್ದು ನಿಂತಳು. ಕೈ ಕೂಡಿತ್ತು, ಹರಡು ಗಟ್ಟಿಯಾಗಿತ್ತು. ಆದರೂ ಕಂಬದಿಂದ ಒಂದು ಕೈಯನ್ನು ಮಾತ್ರ ಬಿಡಿಸಿದಳು. ಗಾಲಿ ಅರ್ಧ ಸುತ್ತು ಉರುಳಿತೋ ಇಲ್ಲವೋ, ಕಣ್ಣ ಮುಂದೆ ನೆಲ ಏಳತೊಡಗಿತು. ಬಲಗೈ ತನಗೆ ತಾನೇ ಮುಂದಕ್ಕೆ ಚಾಚಿತು. ಅವಳು ಕಂಬ ಅಪ್ಪಿಕೊಂಡು ಕುಸಿದು ಕೂತಳು. ಯುಗಾದಿಗೆ ಇಪ್ಪತ್ತು ದಿನ ಇತ್ತು.

"ಇನ್ನ ಆಗಲ್ಲ ಅಜ್ಜ. ಎಲುಬು ಕಟ್ಟಿದ್ರಿ. ಇದಕ್ಕೆ ದಬ್ಬೆ ಎಲ್ಲಿ ಕಟ್ತೀರಿ?"

ಉಚ್ಚೆಂಗಪ್ಪ ಬೀಡಿ ಆರಿಸಿದ. "ನಿನಗೆ ಗಾಲಿ ಬಿಡೋದು ಬರ್ತೈತೆ. ಬೀಳೋದು ಬರಲ್ಲ. ಕೈ ಕೊಟ್ಯಲ್ಲ ನೆಲಕ್ಕೆ, ಅದಕ್ಕೇ ನೆಲ ಇಸಗೊಂತು."

"ಬೀಳೋದನ್ನ ಯಾರಾದ್ರೂ ಕಲೀತಾರಾ?"

"ಗರಡಿಯಾಗ ಹುಡುಗರಿಗೆ ಮೊದಲು ಕಲಿಸೋದೇ ಅದು. ಕೆಡವೋದು ಆಮ್ಯಾಲೆ. ನಿನ್ನನ್ನ ಗರಡಿ ಒಳಗ ಕರಕೊಂಡು ಹೋಗಂಗಿಲ್ಲ, ಹೆಂಗಸರು ಆ ಹೊಸ್ತಿಲು ದಾಟೋ ವಾಡಿಕಿ ಇಲ್ಲ. ಹೊಳಿಗೆ ಹೊಸ್ತಿಲಿಲ್ಲ. ನಾಳೆ ಬೆಳಿಗ್ಗೆ ನಡಿ."

ಆ ಕಾಲದಲ್ಲಿ ಹೊಳೆ ಬತ್ತಿ ಒಂದು ಬದಿಗೆ ಸರಿದಿರುತ್ತಿತ್ತು. ಇನ್ನೊಂದು ಬದಿ ಕಣ್ಣು ಹಾಯುವಷ್ಟು ದೂರ ಬಿಳಿ ಮರಳು, ನಡುನಡುವೆ ಕಲ್ಲಂಗಡಿ ಬಳ್ಳಿ. ಬೆಳಗಿನ ಮಂಜು ಮರಳಿನ ಮೇಲೆ ಮೊಣಕಾಲ ಮಟ್ಟಕ್ಕೆ ನಿಂತಿತ್ತು. ಇಷ್ಟು ದೊಡ್ಡ ರಂಗ ಜೈನಾಬಿ ಕಂಡಿರಲಿಲ್ಲ.

ಉಚ್ಚೆಂಗಪ್ಪ ಮೊದಲು ಮೈ ಬಿಸಿಯಾಗುವವರೆಗೆ ಬಸ್ಕಿ ಹೊಡೆಸಿದ. "ತಣ್ಣನ ಮೈ ಒಣ ಕಟ್ಟಿಗಿ ಇದ್ದಂಗೆ." ಆಮೇಲೆ ಬೀಳುವ ಪಾಠ. "ಬೀಳ್ತೀನಿ ಅನ್ನಿಸಿದ ಕೂಡ್ಲೆ ಕೂಡು. ಎತ್ತರದಿಂದ ಯಾಕ ಬೀಳ್ತಿ, ಅರ್ಧ ದಾರಿ ನೀನೇ ಇಳಿದು ಹೋಗು. ಮೊಣಕಾಲು ಮಡಿಸು. ಗದ್ದ ಎದಿಗೆ ಹಚ್ಚು. ಕೈ ಎದಿ ಮುಂದ, ಮುಷ್ಟಿ ಹಿಡಿ. ಹಿಂದಕ್ಕ ಬ್ಯಾಡ, ಮುಂದಕ್ಕ ಬ್ಯಾಡ, ಪಕ್ಕಕ್ಕೆ ಹೋಗು, ತೊಡಿ ಮ್ಯಾಲೆ. ದೇವರು ಅಲ್ಲಿ ಮಾಂಸ ಇಟ್ಟಿದ್ದು ಸುಮ್ನೆ ಅಲ್ಲ. ಉಸಿರು ಬಿಟ್ಟು ಉರುಳು."

ಮೊದಲ ದಿನ ಬಲಗೈ ಮಾತು ಕೇಳಲಿಲ್ಲ. ಪ್ರತಿ ಸಲ ಓಡಿ ಮುಂದೆ ಹೋಗುತ್ತಿತ್ತು. ಉಚ್ಚೆಂಗಪ್ಪ ಅದರಲ್ಲಿ ಒಂದು ನಿಂಬೆಹಣ್ಣು ಇಟ್ಟ. "ಇದನ್ನ ಬಿಡಬ್ಯಾಡ, ಜಜ್ಜಬ್ಯಾಡ." ಐದು ದಿನ ಐದು ನಿಂಬೆಹಣ್ಣು ಹಾಳಾದವು. ಆರನೆಯದು ಉಳಿಯಿತು. ಉಡಚಮ್ಮ ಅದನ್ನು ಸಾರಿಗೆ ಹಿಂಡಿದಳು.

ಕಲ್ಲಂಗಡಿ ಕಾಯುವ ಓಬಯ್ಯ ಗುಡಿಸಲಿನಿಂದ ಕೂಗುತ್ತಿದ್ದ, "ಏನ್ರಿ ವಸ್ತಾದಿ, ಈ ಹುಡುಗೀನ ದಸರಾ ಕುಸ್ತಿಗೆ ಬಿಡ್ತೀರೇನು?"

"ಹೂನಪ್ಪ, ಮೊದಲ ಜೋಡಿ ನಿನ್ನ ಜೊತೀನೇ. ಲಂಗೋಟಿ ತೊಳದಿಟ್ಕ."

ಬೀಳುತ್ತ ಬೀಳುತ್ತ ಜೈನಾಬಿಗೆ ಬೀಳುವುದರೊಳಗೊಂದು ಬಿಡುವು ಕಾಣಿಸಿತು. ಕಾಲು ತಪ್ಪುವುದಕ್ಕೂ ಮರಳು ಮುಟ್ಟುವುದಕ್ಕೂ ನಡುವೆ ಒಂದು ಸಣ್ಣ ಜಾಗ. ಅಲ್ಲಿ ಮೈಗೆ ತೂಕವಿಲ್ಲ. ಅದು ಅವಳಿಗೆ ಗೊತ್ತಿದ್ದ ಜಾಗವೇ. ಇಷ್ಟು ವರ್ಷ ಗಾಲಿಯ ಮೇಲೆ ಅವಳು ಇದ್ದದ್ದೂ ಅಲ್ಲೇ. ಅಂದು ಎಷ್ಟೋ ದಿನಗಳ ಮೇಲೆ ಹೊಳೆ ಕನಸಿಗೆ ಬಂತು. ನೀರು ಒಡೆಯಿತು, ಅವಳು ಪಕ್ಕಕ್ಕೆ ಉರುಳಿದಳು, ನೀರು ಮೆತ್ತಗೆ ಎತ್ತಿಕೊಂಡಿತು.

ಯುಗಾದಿಗೆ ನಾಲ್ಕು ದಿನ ಇದ್ದಾಗ ಜೈನಾಬಿ, ಉಚ್ಚೆಂಗಪ್ಪ ದಾವಣಗೆರೆಗೆ ಬಂದರು; ಹೊನ್ನಕ್ಕ ಸ್ಟೇಷನ್ನಿನಲ್ಲೇ ಕಾದಿದ್ದಳು. ಹೊನ್ನಕ್ಕ ಹೊಲಿದದ್ದು ಏನೆಂದು ಆಗ ತಿಳಿಯಿತು: ಮೊಣಕಾಲಿಗೆ, ಮೊಣಕೈಗೆ, ಸೊಂಟಕ್ಕೆ ಕಟ್ಟುವ ಕೌದಿ ಪಟ್ಟಿಗಳು. ಜೈನಾಬಿ ಸೀರೆಯ ಒಳಗೆ ಕಟ್ಟಿಕೊಂಡು ಕನ್ನಡಿ ನೋಡಿದಳು.

"ಗಂಗವ್ವ ದಪ್ಪ ಆಗ್ಯಾಳಕ್ಕ."

"ಹೊಳಿ ತುಂಬಿ ಬಂದೈತೆ ಅಂತಾರೆ ಬಿಡು."

ಮಧ್ಯಾಹ್ನ ಥೇಟರು ಖಾಲಿ. ತಗಡಿನ ತೂತುಗಳಿಂದ ಬಿಸಿಲಿನ ಕೋಲುಗಳು ಇಳಿದು ಹಲಗೆಯ ಮೇಲೆ ನಿಂತಿದ್ದವು, ಅವುಗಳಲ್ಲಿ ಧೂಳು ಮೆಲ್ಲಗೆ ತಿರುಗುತ್ತಿತ್ತು. ಹೊನ್ನಕ್ಕ ರಂಗವನ್ನು ಎರಡು ಸಲ ಗುಡಿಸಿ, ಮೂರನೆಯ ಸಲ ಅಂಗೈಯಿಂದ ಸವರಿ ನೋಡಿದಳು. ಎದ್ದಿದ್ದ ಒಂದು ಮೊಳೆಯನ್ನು ಉಚ್ಚೆಂಗಪ್ಪ ಕಲ್ಲಿನಿಂದ ಕುಟ್ಟಿ ಕೂರಿಸಿದ. ತಿಪ್ಪೇರುದ್ರಪ್ಪನವರು ಮುಂದಿನ ಸಾಲಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತರು.

ಜೈನಾಬಿ ಗಾಲಿ ಬೂಟು ಕಟ್ಟಿ, ರಂಗದ ಬದಿಯ ಕಂಬ ಹಿಡಿದು ನಿಂತಳು. ಅಂದಿನಂತೆಯೇ ಕಂಬ ಬಿಡಲಾಗಲಿಲ್ಲ. ಉಚ್ಚೆಂಗಪ್ಪ ಹತ್ತಿರ ಬಂದು ಕಿವಿಯಲ್ಲಿ ಹೇಳಿದ, "ಗಾಲಿ ಬಿಡೋದು ಬ್ಯಾಡ. ಏಳು ಸಲ ಬಿದ್ದು ತೋರಿಸು. ಅಷ್ಟೇ."

ಅವಳು ಕಂಬ ಬಿಟ್ಟು, ಒಂದು ಮೊಳ ಸರಿದು, ಕೂತು, ಪಕ್ಕಕ್ಕೆ ಹೊರಳಿ ಬಿದ್ದಳು. ಕೈ ಎದೆಯ ಮುಂದೆಯೇ ಇತ್ತು. ಮಂಡಿಯೂರಿ ಎದ್ದಳು. ಮತ್ತೆ ಬಿದ್ದಳು.

"ಇದೇನಮ್ಮ, ಬೀಳೋದು ತೋರಿಸಾಕ ನನ್ನ ಕರೆಸಿದ್ಯಾ?" ಎಂದರು ತಿಪ್ಪೇರುದ್ರಪ್ಪನವರು. "ಎರಡು ತಿಂಗಳಾಗ ಕಲಿತದ್ದು ಇದಾ?"

"ಸುಮ್ಕಿರ್ರಿ ಮಾಲೀಕ್ರೇ, ಲೆಕ್ಕ ತಪ್ಪತೈತೆ," ಎಂದಳು ಹೊನ್ನಕ್ಕ.

ಮೂರು. ನಾಲ್ಕು. ಹಲಗೆ ಮರಳಿಗಿಂತ ಗಟ್ಟಿ. ತೊಡೆ ಉರಿಯಿತು, ಆದರೆ ಏನೂ ಮುರಿಯಲಿಲ್ಲ. ಐದನೆಯದು ಬಲಗಡೆಗೆ, ಆರನೆಯದು ಎಡಗಡೆಗೆ. ಬಿದ್ದ ಮೂಲೆಯಲ್ಲಿ ಹಲಗೆ ಒರಟಾಗಿದೆ ಎನ್ನಿಸಿತು. ಏಳನೆಯದಕ್ಕೆ ಒಳ್ಳೆಯ ಜಾಗ ಹುಡುಕುತ್ತ ಅವಳು ಅಲ್ಲಿಂದ ಸರಿದಳು. ಬಿಸಿಲಿನ ಒಂದು ಕೋಲು ಮುಖದ ಮೇಲೆ ಹಾದು ಹೋಯಿತು, ಇನ್ನೊಂದು ಹಾದು ಹೋಯಿತು. ಭಗೀರಥ ನಿಲ್ಲುವ ಜಾಗ ದಾಟಿತು. ಶಿವ ನಿಲ್ಲುವ ಜಾಗ ಬಂದಾಗ ಸೊಂಟ ತಾನಾಗಿ ವಾಲಿತು. ಕೆಳಗೆಲ್ಲೋ ಹೊಳೆಯ ಸದ್ದು. ಯಾವ ಹೊಳೆ ಎಂದು ಅವಳು ಒಂದು ಗಳಿಗೆ ಕಿವಿಗೊಟ್ಟಳು. ತನ್ನ ಗಾಲಿಗಳದೇ ಸದ್ದು ಎಂದು ತಿಳಿಯುವ ಹೊತ್ತಿಗೆ ಎರಡನೆಯ ಸುತ್ತು ಅರ್ಧವಾಗಿತ್ತು.

"ಆರಾತು, ಇನ್ನೊಂದು ಐತೆ ತಂಗಿ!" ಎಂದು ಹೊನ್ನಕ್ಕ ಕೂಗಿದಳು. ಕೂಗಿದವಳು ತಾನೇ ಬಾಯಿಗೆ ಸೆರಗು ಒತ್ತಿಕೊಂಡಳು.

ತಿಪ್ಪೇರುದ್ರಪ್ಪನವರು ಕಾಲ ಮೇಲಿನ ಕಾಲು ಇಳಿಸಿ ಎದ್ದು ನಿಂತರು. ಜೈನಾಬಿ ಅವರನ್ನು ನೋಡಲಿಲ್ಲ. ರಂಗದ ನಡುವೆ ಬಂದು, ಎರಡೂ ತೋಳು ಮೈಗೆ ಸೇರಿಸಿ, ನಿಂತಲ್ಲೇ ತಿರುಗತೊಡಗಿದ್ದಳು.